ಏರಲೊಲ್ಲದ ಪೈಲ್ವಾನರ ನಾಡಿ

ನನ್ನ ಕೆಲಸಕ್ಕೆ ಫಿಸಿಯೋಥೆರಪಿ ಎಂಬ ಹೆಸರಿದೆ ಎಂಬುದು ನನಗೆ, ನನಗೆ ಸಂಬಳ ಕೊಡುತ್ತಿದ್ದ ಟ್ರಸ್ಟಿಗೆ ಮತ್ತು ಬಾಗಿಲ ಮೇಲಿನ ಬೋರ್ಡಿಗೆ ಮಾತ್ರ ಗೊತ್ತಿತ್ತು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಜನ ನನ್ನನ್ನು ಕರೆಯುತ್ತಿದ್ದುದು ‘ಕರೆಂಟ್ ಮೇಡಮ್ಮು’ ಎಂದು. ನೋವಿರುವ ಕಡೆ ಪ್ಯಾಡು ಅಂಟಿಸಿ ಚುರುಗುಟ್ಟಿಸುವ ಸಣ್ಣ ಪೆಟ್ಟಿಗೆಯೊಂದು ನಮ್ಮಲ್ಲಿತ್ತು. ಅದರ ಕೀರ್ತಿಯೇ ನನ್ನ ಕೀರ್ತಿ. ಒಮ್ಮೆ ಕಿಕ್ಕೇರಿ ಕಡೆಯ ರೈತರೊಬ್ಬರು ಬಸ್ಸಿಳಿದು ನೇರ ನನ್ನ ಮೇಜಿನ ಮುಂದೆ ಬಂದು ನಿಂತು, “ತ್ರೀ ಫೇಸು ಕೊಡ್ದೆ ವಾರಾಯ್ತು ಮೇಡಮ್ಮೋರೆ, ಪೈರು ಒಣಗ್ತಾ ಅದೆ, ನೀವಾದ್ರೂ ಒಂದ್ಮಾತು ಏಳ್ಬಾರ್ದಾ” ಎಂದು ಕೇಳಿದರು. ನಾನು ಕೊಡುವ ಕರೆಂಟು ಮಂಡಿಗೆ, ಸೊಂಟಕ್ಕೆ ಮಾತ್ರ ಎಂದು ತಿಳಿಸಿದೆ. ಅವರು ಸ್ವಲ್ಪ ಯೋಚಿಸಿ, “ಬಸ್ ಚಾರ್ಜು ಕೊಟ್ಟು ಬಂದಿವ್ನಿ, ಮಂಡಿಗೇ ಕೊಟ್ಬುಡಿ” ಎಂದು ಪಂಚೆ ಮೇಲೆತ್ತಿ ಬೆಂಚಿನ ಮೇಲೆ ಕೂತರು.

ಈಗ ಇದೇ ಕೋರ್ಸು ಮುಗಿಸಿದ ಹುಡುಗ ಹುಡುಗಿಯರು ಫೋನು ಮಾಡಿ ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಯಾವಾಗ ಸೀನಿಯರ್ ಆದೆ, ಯಾವಾಗ ಕುರ್ಚಿಗೆ ಗಾಲಿ ಬಂತು ಎಂಬುದರಲ್ಲಿ ಕಲಿಯುವಂಥದ್ದೇನೂ ಇಲ್ಲ. ನನಗೆ ಕೆಲಸ ಕಲಿಸಿದ್ದು ಅರಕೆರೆಯ ಪೈಲ್ವಾನ್ ಚಿಕ್ಕೇಗೌಡರ ನಾಡಿ. ಅದರ ಕಥೆಯನ್ನೇ ಹೇಳುತ್ತೇನೆ. ಪಾಠ ಬೇಕಾದವರು ನಡುನಡುವೆ ಹೆಕ್ಕಿಕೊಳ್ಳಿ.

ನಮ್ಮದು ಚಿಕ್ಕ ಟ್ರಸ್ಟು. ನಾಲ್ಕು ಊರಿನಲ್ಲಿ ನಾಲ್ಕು ಕೋಣೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ವಾರದ ದಿನಗಳನ್ನು ಹಂಚಿಕೊಂಡು ಬಸ್ಸಿನಲ್ಲಿ ಓಡಾಡುವುದು ನನ್ನ ಪಾಲು. ಯಂತ್ರಗಳೆಲ್ಲ ಇದ್ದದ್ದು ಶ್ರೀರಂಗಪಟ್ಟಣದ ಕೋಣೆಯಲ್ಲಿ. ನಮ್ಮ ಮುಖ್ಯಸ್ಥರು ಡಾಕ್ಟರ್ ಶಂಕರಪ್ಪ. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಂದವರು. ಒಳ್ಳೆಯ ವೈದ್ಯರು, ಆದರೆ ಸೂತ್ರಗಳೆಂದರೆ ಪ್ರಾಣ. ಗೋಡೆಯ ಮೇಲೆ ತಾವೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು: ಇನ್ನೂರಿಪ್ಪತ್ತರಲ್ಲಿ ವಯಸ್ಸನ್ನು ಕಳೆ, ಉಳಿದದ್ದೇ ಎದೆಬಡಿತದ ಮೇಲ್ಮಿತಿ. ವ್ಯಾಯಾಮ ಮಾಡಿಸುವಾಗ ರೋಗಿಯ ನಾಡಿಯನ್ನು ಆ ಮಿತಿಯ ಮುಕ್ಕಾಲಿನ ಆಸುಪಾಸಿಗೆ ತರಬೇಕು. ತಂದರೆ ವ್ಯಾಯಾಮ, ಇಲ್ಲದಿದ್ದರೆ ಕಾಲಹರಣ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿಗೆ ಈ ಸೂತ್ರದ ಗೊಡವೆಯೇ ಇರಲಿಲ್ಲ. ಕೈ ನಡುಗುವವರು, ಹೆಜ್ಜೆ ಎಳೆಯುವವರು ಬಂದರೆ ಕೈಗೊಂದು ಮೆತ್ತನೆಯ ಚೆಂಡು ಕೊಟ್ಟು ಹಿಸುಕಿಸುತ್ತಿದ್ದೆವು, ಆಯಾಸ ಮಾಡಿಕೊಳ್ಳಬೇಡಿ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದೆವು. ಆಮೇಲೆ ಗಾಳಿ ತಿರುಗಿತು. ಈ ಕಾಯಿಲೆಗೆ ಮಾತ್ರೆಯಷ್ಟೇ ವ್ಯಾಯಾಮವೂ ಮುಖ್ಯ, ಅದೂ ಏದುಸಿರು ಬರುವಂಥ ವ್ಯಾಯಾಮ ಎಂದು ತರಬೇತಿಗಳಲ್ಲಿ ಹೇಳತೊಡಗಿದರು. ಟ್ರಸ್ಟಿಗೆ ಯಾರೋ ಒಂದು ಟ್ರೆಡ್‌ಮಿಲ್ಲು, ಒಂದು ನಿಂತಲ್ಲೇ ತುಳಿಯುವ ಸೈಕಲ್ಲು ದಾನ ಕೊಟ್ಟರು. ಟ್ರೆಡ್‌ಮಿಲ್ಲಿನ ಮೇಲೆ ಮೊದಲು ನಡೆದ ನಾಗಮಂಗಲದ ಅಜ್ಜಿ ಕೆಳಗಿಳಿದು, “ಇಷ್ಟು ನಡುದಿದ್ರೆ ಬೆಳ್ಳೂರು ಕ್ರಾಸಾದ್ರೂ ಸಿಕ್ಕೋದು” ಎಂದು ಬೇಸರಪಟ್ಟಿದ್ದು ನೆನಪಿದೆ.

ಹೀಗಿರುವಾಗ ಚಿಕ್ಕೇಗೌಡರು ಬಂದರು.

ಅರಕೆರೆಯಲ್ಲಿ ಕಬ್ಬು, ಭತ್ತದ ಜಮೀನಿದ್ದ ಮನೆತನ. ಹರೆಯದಲ್ಲಿ ಈ ಸೀಮೆಯಲ್ಲೆಲ್ಲ ಹೆಸರು ಮಾಡಿದ ಕುಸ್ತಿಪಟು. ಎಪ್ಪತ್ತರ ಹತ್ತಿರ ಬಂದಿದ್ದರೂ ಭುಜ ಬಾಗಿಲಿಗೆ ತಾಗುತ್ತಿತ್ತು. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನಿರಲಾರದೆ, ಕಾಣದ ಜಪಮಣಿಯನ್ನು ಎಣಿಸುತ್ತಿತ್ತು. ಮೈಸೂರಿನ ನರರೋಗ ತಜ್ಞರು ಪಾರ್ಕಿನ್ಸನ್ ಎಂದು ಗುರುತಿಸಿ ಮಾತ್ರೆ ಬರೆದು, ವ್ಯಾಯಾಮಕ್ಕೆ ನಮ್ಮಲ್ಲಿಗೆ ಕಳಿಸಿದ್ದರು. ಜೊತೆಗೆ ಹೆಂಡತಿ ಜಯಮ್ಮ. ಜೊತೆಗೆ ಖಲೀಲ್ ಸಾಬರು. ಖಲೀಲ್ ಸಾಬರು ಗಂಜಾಮಿನವರು, ಗೌಡರ ಓರಗೆಯವರು, ಹಿಂದೆ ಅಖಾಡದಲ್ಲಿ ಅವರ ಕಡುವೈರಿ. ಈಗ ಅವರಿಗೆ ದಿನಾ ಗೌಡರ ಹತ್ತಿರ ಬೈಸಿಕೊಳ್ಳದಿದ್ದರೆ ಉಂಡದ್ದು ಅರಗುವುದಿಲ್ಲ.

ಸೈಕಲ್ಲಿನ ಮೇಲೆ ಕೂರಿಸಿ, ಎಡಗೈ ಬೆರಳಿಗೆ ನಾಡಿ ತೋರಿಸುವ ಕ್ಲಿಪ್ಪು ಸಿಕ್ಕಿಸಿದೆ. ಗೌಡರು ತುಳಿದರು. ಪೆಡಲಿನ ತೂಕ ಹೆಚ್ಚಿಸಿದೆ, ತುಳಿದರು. ನಾಡಿ ಕೂತಿದ್ದಾಗ ಎಷ್ಟಿತ್ತೋ ಅದಕ್ಕಿಂತ ಒಂದು ಗೇಣು ಮೇಲೆ ಹೋಗಿ ಅಲ್ಲೇ ನಿಂತಿತು. ಕ್ಲಿಪ್ಪು ಕೆಟ್ಟಿರಬೇಕೆಂದು ನನ್ನ ಬೆರಳಿಗೆ ಹಾಕಿಕೊಂಡು ನೋಡಿದೆ, ಸರಿಯಾಗಿತ್ತು. ತುಳಿಯುವಾಗ ಕೈ ಅಲುಗಿದರೆ ಕ್ಲಿಪ್ಪು ಸುಳ್ಳು ಹೇಳುವುದುಂಟು, ಅದಕ್ಕೇ ಕತ್ತಿನ ಪಕ್ಕದಲ್ಲಿ ಬೆರಳಿಟ್ಟು ಎಣಿಸಿದೆ. ಅದೂ ಅದೇ ಲೆಕ್ಕ.

“ಏನವ್ವ, ಓಡ್ತಾ ಇಲ್ವಾ ನನ್ ಎದೆ?” ಎಂದು ಗೌಡರು ನಕ್ಕರು. “ಗರಡಿ ಮನೆ ಎದೆ ಕಣವ್ವ. ಇಷ್ಟಕ್ಕೆಲ್ಲ ಬೆದ್ರಕಿಲ್ಲ.”

ಖಲೀಲ್ ಸಾಬರಿಗೆ ಇದು ತಡೆಯಲಿಲ್ಲ. “ನಂದೂ ಗರಡಿ ಎದೆನೇ. ಇಳಿಯಪ್ಪ ಕೆಳಗೆ” ಎಂದು ಟೋಪಿ ತೆಗೆದಿಟ್ಟು ಸೈಕಲ್ ಹತ್ತಿದರು. ಅವರ ನಾಡಿ ಯಾರೋ ಅಟ್ಟಿಸಿಕೊಂಡು ಬಂದಂತೆ ಏರಿ, ಡಾಕ್ಟರ ಸೂತ್ರದ ಮನೆಯೊಳಗೆ ಸರಿಯಾಗಿ ಹೋಗಿ ಕೂತಿತು. ಆರೋಗ್ಯವಂತರ ಎದೆ ಮಾಡಬೇಕಾದ್ದೇ ಅದು. ಆದರೆ ಸೋತ ಮುಖ ಹಾಕಿಕೊಂಡು ಇಳಿದವರು ಅವರು, ಮೀಸೆ ತಿರುವಿದವರು ಗೌಡರು.

“ನೋಡ್ಲಾ ಖಲೀಲ, ನಿನ್ ಎದೆ ಡವಡವ ಅಂತದೆ. ಅವತ್ತು ಕೆ.ಆರ್. ಪೇಟೇಲೂ ಇಂಗೇ ಡವಡವ ಅಂದಿತ್ತು.”

“ಅರೆ, ಅವತ್ತು ಸಮಬಲ ಅಂತ ತೀರ್ಪು ಕೊಟ್ಟಿದ್ರು ಗೌಡ. ಮರೆತೋಯ್ತಾ?”

“ನಿನ್ ಮೊಖ ನೋಡಿ ಪಾಪ ಅಂತ ಕೊಟ್ಟಿದ್ರು ಬುಡು.”

ವಾರ ಕಳೆಯುವುದರೊಳಗೆ ಗೌಡರ ಎದೆಯ ಖ್ಯಾತಿ ಅರಕೆರೆ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಓಡಾಡತೊಡಗಿತು. ಡಾಕ್ಟರ್ ಶಂಕರಪ್ಪನವರಿಗೆ ಮಾತ್ರ ನೆಮ್ಮದಿ ಇರಲಿಲ್ಲ. “ಕುಸ್ತಿಯವರ ನಾಡಿ ಸುಮ್ಮನೆ ಕೂತಾಗ ನಿಧಾನ ಇರುತ್ತೆ, ನಿಜ. ದುಡಿದರೆ ಏರಲೇಬೇಕಲ್ಲಮ್ಮ. ತೂಕ ಹೆಚ್ಚು ಮಾಡು” ಎಂದರು. ಮಾಡಿದೆ. ಗೌಡರ ಮುಖ ಕೆಂಪೇರಿತು, ಬಾಯಿ ತೆರೆಯಿತು, ನಾಡಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಆಯಾಸವಾಯಿತೇ ಎಂದು ಕೇಳಿದರೆ ಅವರದು ಒಂದೇ ಉತ್ತರ: “ಏನೂ ಇಲ್ಲ.” ಕುಸ್ತಿಯವರ ಬಾಯಲ್ಲಿ ಸುಸ್ತು ಎಂಬ ಮಾತು ಬರುವುದಿಲ್ಲ. ಬಂದರೆ ಎದುರಾಳಿಗೆ ತಿಳಿದುಬಿಡುತ್ತದೆ.

ಆ ಬೇಸಿಗೆಯಲ್ಲಿ ಪಾಂಡವಪುರದ ಹೊರಗೆ ಒಂದು ಕುಸ್ತಿ ಪಂದ್ಯ ಏರ್ಪಾಡಾಯಿತು. ಮೊದಲ ಜೋಡಿಯ ಕೈ ಕೂಡಿಸಲು ಹಿರಿಯ ಪೈಲ್ವಾನರೆಂದು ಗೌಡರಿಗೆ ಆಹ್ವಾನ. ನೀನೂ ಬರಲೇಬೇಕು ಎಂದು ನನ್ನನ್ನೂ ಕರೆದರು. ಮಧ್ಯಾಹ್ನ ಬಾಡೂಟ. ಗೌಡರು ಮುದ್ದೆಗೆ ಮೋಸ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆಯನ್ನೂ ನುಂಗಿದರು. ಶಾಮಿಯಾನದ ಕೆಳಗೆ ಸೆಕೆ. ಮೈಕು ಹಿಡಿದವನು ಅವರನ್ನು ಹೊಗಳುತ್ತಾ ಹೊಗಳುತ್ತಾ ಬಹಳ ಹೊತ್ತು ಕುರ್ಚಿಯಲ್ಲೇ ಕೂರಿಸಿದ. “ಎದೆ ಅಂದ್ರೆ ಅದು ಎದೆ. ಪಟ್ಣದಲ್ಲಿ ಮಿಷನ್ನು ಇಟ್ಟು ನೋಡವ್ರೆ, ಎಷ್ಟು ತುಳುದ್ರೂ ಡವಡವ ಅನ್ನಕಿಲ್ಲವಂತೆ” ಎಂದ. ಪಕ್ಕದಲ್ಲಿ ಕೂತಿದ್ದ ಜಯಮ್ಮ ನನ್ನ ಕಡೆ ನೋಡಿ, “ಇದೂ ಗೊತ್ತಾಗೋಯ್ತಾ ಇವ್ರಿಗೆ” ಎಂದರು.

ಹೆಸರು ಕರೆದದ್ದೇ ತಡ, ಗೌಡರು ಹಳೆಯ ಠೀವಿಯಲ್ಲಿ ತಟಕ್ಕನೆ ಎದ್ದು ಮಣ್ಣಿಗಿಳಿದರು. ಇಬ್ಬರು ಹುಡುಗ ಪೈಲ್ವಾನರ ಕೈ ಹಿಡಿದು ಜೋಡಿಸಲು ಹೋದವರ ಮುಖ ಸುಣ್ಣದಂತಾಯಿತು. ಮಂಡಿ ಮಡಚಿತು. ಹುಡುಗರು ಎರಡೂ ಕಡೆಯಿಂದ ತಬ್ಬಿ ಹಿಡಿದರು. ಮೈಕಿನವನಿಗೆ ಅದು ಬೇರೆಯೇ ಕಂಡಿತು: “ನೋಡಿ, ನೋಡಿ, ಈ ವಯಸ್ನಲ್ಲೂ ಇಬ್ರುನ್ನೂ ಒಟ್ಗೇ ಹಿಡ್ದು ಪಟ್ಟು ಆಕ್ತಾವ್ರೆ ನಮ್ ಗೌಡ್ರು.” ಜನ ಶಿಳ್ಳೆ ಹೊಡೆದರು. ಶಿಳ್ಳೆಯ ನಡುವೆ ನಾನು ಮತ್ತು ಜಯಮ್ಮ ಓಡಿದೆವು. ಅವರನ್ನು ಅಂಗಾತ ಮಲಗಿಸಿ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟೆ. ಸ್ವಲ್ಪದರಲ್ಲೇ ಕಣ್ಣು ಬಿಟ್ಟರು. ಮೊದಲು ಕೇಳಿದ್ದು, “ಯಾರ್ ಗೆದ್ರು?”

ನಗು ಬಂದದ್ದು ಆಮೇಲೆ, ಬಹಳ ತಿಂಗಳಾದ ಮೇಲೆ. ಆಗ ಬರಲಿಲ್ಲ. ಮೈಸೂರಿನಲ್ಲಿ ಎದೆಯ ಪರೀಕ್ಷೆಗಳೆಲ್ಲ ಆದವು, ಹೃದಯದಲ್ಲಿ ಏನೂ ದೋಷವಿಲ್ಲ ಎಂದರು. ಊರಿನವರಿಗೆ ಅಷ್ಟು ಸಾಲದು. ಕರೆಂಟ್ ಮೇಡಮ್ಮು ಸೈಕಲ್ ತುಳಿಸಿ ತುಳಿಸಿ ಗೌಡರ ಎದೆಯ ಫ್ಯೂಸು ಹಾರಿಸಿದಳು ಎಂದು ಮಾತಾಯಿತು. ಜಯಮ್ಮ ವ್ಯಾಯಾಮಕ್ಕೆ ಬೀಗ ಹಾಕಿದರು. ನಾನು ಫೋನು ಮಾಡಿದರೆ, “ಬೇಡ ಕಣವ್ವ. ಅವತ್ತೇನೋ ಮೆತ್ತಗಿರೋ ಮಣ್ಣಿತ್ತು, ಇಡ್ಕಳಕ್ಕೆ ಹುಡ್ಗರಿದ್ರು. ನಮ್ಮನೆ ಬಚ್ಚಲಲ್ಲಿ ಬಿದ್ರೆ ಯಾರು ಇಡ್ಕತಾರೆ?” ಎಂದರು.

ತಿಂಗಳು ಕಳೆದಿರಬೇಕು. ಖಲೀಲ್ ಸಾಬರು ಒಬ್ಬರೇ ಬಂದು ಬೆಂಚಿನ ತುದಿಯಲ್ಲಿ ಕೂತರು. ಗೌಡರು ಹೇಗಿದ್ದಾರೆ ಎಂದು ಕೇಳಿದೆ.

“ಮಂಚದಿಂದ ಎದ್ದೇಳಕ್ಕೆ ಎರಡು ಆಳು ಬೇಕು ಮೇಡಂ. ಅದು ಇರ್ಲಿ. ನಿನ್ನೆ ಹೋಗಿದ್ದೆ. ಕೆ.ಆರ್. ಪೇಟೇಲಿ ನೀನು ಸೋತಿದ್ದೆ ಅಂತ ಬೇಕಂತಲೇ ಅಂದೆ. ಸುಮ್ನಿದ್ದ.” ಟೋಪಿಯನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದರು: “ಗೌಡ ಬೈತಾ ಇಲ್ಲ ಮೇಡಂ. ನಂಗೆ ಭಯ ಆಯ್ತದೆ.”

ನಾನು ಒಳಗೆ ಹೋಗಿ ಡಾಕ್ಟರಿಗೆ ಅದೇ ಮಾತನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಬಿ.ಪಿ. ನೋಡುವ ಪೆಟ್ಟಿಗೆ ಕೈಗೆತ್ತಿಕೊಂಡು, “ನಡಿಯಮ್ಮ ಅರಕೆರೆಗೆ” ಎಂದರು. ಅವರ ಹಳೆಯ ಕಾರು ನಾಲೆಯ ಏರಿಯ ಮೇಲೆ ನನ್ನನ್ನೂ ಖಲೀಲ್ ಸಾಬರನ್ನೂ ಎತ್ತಿ ಎತ್ತಿ ಹಾಕುತ್ತಾ ಹೋಯಿತು. ದಾರಿಯುದ್ದಕ್ಕೂ ಡಾಕ್ಟರು ಬೆರಳಲ್ಲಿ ಸ್ಟಿಯರಿಂಗಿನ ಮೇಲೆ ಏನೋ ಲೆಕ್ಕ ಬರೆಯುತ್ತಿದ್ದರು. ಸೂತ್ರ ಕೈಕೊಟ್ಟಾಗ ಅವರು ಹಾಗೇ.

ಗೌಡರು ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಡಾಕ್ಟರು ಮಲಗಿದ್ದ ಹಾಗೇ ಬಿ.ಪಿ. ನೋಡಿದರು, ಚೆನ್ನಾಗಿತ್ತು. ಆಮೇಲೆ ನಾವೆಲ್ಲ ಹಿಡಿದು ನಿಲ್ಲಿಸಿದೆವು. ನಿಂತ ಹಾಗೇ ಮತ್ತೆ ನೋಡಿದರು. ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿ ಇನ್ನೊಮ್ಮೆ ನೋಡಿದರು. ಮಲಗಿದ್ದಾಗ ಚೆನ್ನಾಗಿದ್ದದ್ದು ಬಾವಿಗಿಳಿದಂತೆ ಇಳಿದಿತ್ತು. ಅವರ ಇನ್ನೊಂದು ಕೈ ಗೌಡರ ನಾಡಿಯ ಮೇಲಿತ್ತು. “ಬಿ.ಪಿ. ಇಷ್ಟು ಬಿದ್ದರೆ ನಾಡಿ ಗಾಬರಿಯಾಗಿ ಓಡಬೇಕು. ಇದು ನೋಡಮ್ಮ, ಹರಟೆ ಹೊಡೆಯುತ್ತಾ ಕೂತಿದೆ” ಎಂದರು. ಗೌಡರಿಗೆ ಊಟ ಹಾಕಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಉಂಡ ಮೇಲೆ ಇನ್ನೂ ಇಳಿಯಿತು. ಡಾಕ್ಟರ ಮುಖ ಅರಳಿಬಿಟ್ಟಿತು. ಇಷ್ಟು ವರ್ಷದ ಸೇವೆಯಲ್ಲಿ ಕೆಟ್ಟ ಸುದ್ದಿಯನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಕಂಡಿಲ್ಲ.

“ಜಯಮ್ಮ, ನಿಮ್ಮ ಯಜಮಾನರ ಹೃದಯ ಗಟ್ಟಿಯಾಗಿದೆ. ಆದರೆ ಹೃದಯ ತಾನಾಗಿ ಏನೂ ತೀರ್ಮಾನ ಮಾಡೋದಿಲ್ಲ. ದುಡಿಮೆ ಹೆಚ್ಚಾದಾಗ ಜೋರಾಗಿ ಬಡಿ ಅಂತ, ಎದ್ದು ನಿಂತಾಗ ಕಾಲಿನ ರಕ್ತನಾಳ ಬಿಗಿ ಮಾಡು ಅಂತ ಹೇಳೋ ನರಗಳು ಬೇರೆ ಇವೆ. ಈ ಕಾಯಿಲೆ ಕೈನ ಮಾತ್ರ ಹಿಡಿಯೋದಲ್ಲ, ಕೆಲವರಲ್ಲಿ ಆ ನರಗಳನ್ನೂ ಹಿಡಿಯುತ್ತೆ. ಆಗ ದುಡಿದರೂ ನಾಡಿ ಏರೋದಿಲ್ಲ, ಎದ್ದರೆ ರಕ್ತ ಎಲ್ಲ ಕಾಲಲ್ಲೇ ನಿಂತುಬಿಡುತ್ತೆ. ಉಂಡ ಮೇಲೆ ಅದು ಹೊಟ್ಟೆ ಕಡೆ ಹೋಗುತ್ತೆ. ಮಾತ್ರೆನೂ ಬಿ.ಪಿ. ಸ್ವಲ್ಪ ಇಳಿಸುತ್ತೆ, ಸೆಕೆಯೂ ಇಳಿಸುತ್ತೆ. ಅವತ್ತು ಪಾಂಡವಪುರದಲ್ಲಿ ಎಲ್ಲವೂ ಒಟ್ಟಿಗೆ ಬಂದವು.”

ಜಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿಸಿಕೊಂಡರು. ಕಾಲುವೆ ನೀರಿನಲ್ಲಿ ಬೇಸಾಯ ಮಾಡಿದ ಹೆಂಗಸು. “ಅಂಗಂದ್ರೆ ಕಟ್ಟೇಲಿ ನೀರದೆ, ತೂಬೂ ನೆಟ್ಟಗದೆ. ನೀರುಗಂಟಿ ತೂಕಡುಸ್ತಾವ್ನೆ ಅನ್ನಿ” ಎಂದರು. ಊರಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನೇ ನೀರುಗಂಟಿ. ಅವನು ನಿದ್ದೆ ಹೋದರೆ ಕೊನೆಯ ಗದ್ದೆಗೆ ನೀರಿಲ್ಲ. ಮನುಷ್ಯನಲ್ಲಿ ಕೊನೆಯ ಗದ್ದೆ ಎಂದರೆ ತಲೆ.

ಮಂಚದ ಮೇಲಿಂದ ಗೌಡರು ಆ ದಿನ ಮೊದಲ ಬಾರಿಗೆ ಬಾಯಿ ಬಿಟ್ಟರು. “ಅಂಗಾದ್ರೆ ನನ್ ಎದೆ ಗರಡಿ ಎದೆ ಅಲ್ವಾ?”

ಆ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಏರದ ನಾಡಿಯನ್ನು ಅವರು ಗೆಲುವೆಂದು ನಂಬಿದ್ದರು, ಈಗ ಅದು ಕಾಯಿಲೆಯ ಗುರುತಾಗಿತ್ತು. ಕೊನೆಗೆ ಖಲೀಲ್ ಸಾಬರು, “ಎದೆ ಗರಡಿದೇ ಕಣ್ಲಾ, ಕಾವಲುಗಾರ ಸರಿಯಿಲ್ಲ ಅಂತಾವ್ರೆ” ಎಂದರು. ಗೌಡರು ಅವರ ಕಡೆ ತಿರುಗಿ, “ನಿನ್ನ ಯಾರು ಕೇಳುದ್ರು, ಬಾಯಿ ಮುಚ್ಕಂಡು ಕೂತ್ಕಳಲಾ” ಎಂದು ಬೈದರು. ಖಲೀಲ್ ಸಾಬರು ತಲೆ ತಗ್ಗಿಸಿ ಟೋಪಿ ಸರಿಮಾಡಿಕೊಂಡರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಜಯಮ್ಮನವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಮಲಗಿದಷ್ಟೂ ಈ ತೊಂದರೆ ಹೆಚ್ಚುತ್ತದೆ, ಕಾಲಿನ ಮಾಂಸಖಂಡ ಕರಗಿದರೆ ರಕ್ತವನ್ನು ಮೇಲಕ್ಕೆ ತಳ್ಳುವ ಆಳೇ ಇಲ್ಲವಾಗುತ್ತದೆ ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರು. ಜಯಮ್ಮ ಒಂದು ಷರತ್ತಿನ ಮೇಲೆ ಬೀಗ ತೆಗೆದರು: ಪ್ರತಿ ಸಲವೂ ತಾವು ಪಕ್ಕದಲ್ಲಿ ಇರಬೇಕು. ವಾಪಸ್ಸು ಬಂದ ಡಾಕ್ಟರು ಗೋಡೆಯ ಮೇಲಿನ ಸೂತ್ರದ ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದರು: ‘ಚಿಕ್ಕೇಗೌಡರಿಗೆ ಮತ್ತು ಅಂಥವರಿಗೆ ಇದು ಅನ್ವಯಿಸುವುದಿಲ್ಲ.’ ಸರ್ಕಾರಿ ಸುತ್ತೋಲೆಯ ಅಭ್ಯಾಸ, ತಿದ್ದುಪಡಿ ಇಲ್ಲದೆ ಅವರಿಗೆ ಸಮಾಧಾನವಿಲ್ಲ.

ಹೊಸ ಪದ್ಧತಿ ಶುರುವಾಯಿತು. ವ್ಯಾಯಾಮಕ್ಕೆ ಮುಂಚೆ ನೀರು. ಜಯಮ್ಮ ತಂಬಿಗೆ ಹಿಡಿದು ನಿಂತರೆ ಗೌಡರು ಗುಟುಕು ಬಿಡದೆ ಕುಡಿಯಲೇಬೇಕು. ಊಟವಾದ ಕೂಡಲೇ ವ್ಯಾಯಾಮವಿಲ್ಲ. ಬಿಸಿಲೇರುವ ಮುಂಚೆಯೇ ಮುಗಿಸಬೇಕು, ಏಕೆಂದರೆ ಇಂಥವರಲ್ಲಿ ಬೆವರೂ ತನ್ನ ಲೆಕ್ಕ ತಪ್ಪುತ್ತದೆ. ಮಾತ್ರೆಯ ಹೊತ್ತನ್ನು ಮೈಸೂರಿನ ತಜ್ಞರನ್ನು ಕೇಳಿ ಹೊಂದಿಸಿದರು. ಉಪ್ಪು ಎಷ್ಟು ಎಂಬುದನ್ನೂ ಡಾಕ್ಟರೇ ಹೇಳಿದರು. ಮಕ್ಕಳೇ, ಉಪ್ಪಿನ ವಿಷಯದಲ್ಲಿ ನೀವು ಜಾಣತನ ತೋರಿಸಲು ಹೋಗಬೇಡಿ, ಕೆಲವರಿಗೆ ಮಲಗಿದಾಗ ಬಿ.ಪಿ. ಏರಿ ಕೂತಿರುತ್ತದೆ. ಮೊದಮೊದಲು ಮಲಗಿಕೊಂಡೇ ಕಾಲಿನ ವ್ಯಾಯಾಮ, ಆಮೇಲೆ ಒರಗಿ ಕೂತು ತುಳಿಯುವುದು, ನಿಲ್ಲುವುದು ಎಲ್ಲಕ್ಕೂ ಕೊನೆಗೆ. ಮುಗಿದ ತಕ್ಷಣ ಧೊಪ್ಪನೆ ನಿಲ್ಲಿಸಿ ಎದ್ದುಬಿಡುವುದೂ ಅಪಾಯ. ನಿಧಾನವಾಗಿ ತುಳಿಯುತ್ತಾ ಇಳಿಸಬೇಕು.

ಏಳುವ ವಿದ್ಯೆಯನ್ನು ನಾನು ನಾಗಮಂಗಲದಿಂದ ತಂದೆ. ಅಲ್ಲಿ ನಂಜುಂಡಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರು ಇದೇ ಕಾಯಿಲೆಗೆ ಬರುತ್ತಿದ್ದರು. ಅವರಿಗೂ ಎದ್ದರೆ ತಲೆ ತಿರುಗುತ್ತಿತ್ತು. ಏಳುವ ಮುಂಚೆ ಪಾದ ಮೇಲೆ ಕೆಳಗೆ ಆಡಿಸಿ, ಮೀನಖಂಡ ಬಿಗಿಮಾಡಿ, ಮುಷ್ಟಿ ಹಿಸುಕಿ, ಆಮೇಲೆ ಎದ್ದು, ನಿಂತಲ್ಲೇ ಸ್ವಲ್ಪ ತಡೆದು ಹೆಜ್ಜೆ ಇಡಿ ಎಂದು ಹೇಳಿಕೊಟ್ಟಿದ್ದೆ. ಮುಂದಿನ ವಾರ ಅವರು ತಮ್ಮದೇ ಭಾಷೆಗೆ ಇಳಿಸಿಕೊಂಡು ಬಂದಿದ್ದರು. ಕುರ್ಚಿಯ ಅಂಚಿಗೆ ಸರಿದು “ಹೋಲ್ಡಾನ್” ಎನ್ನುವರು. ಪಾದ ಆಡುವುದು, ಮುಷ್ಟಿ ಬಿಗಿಯುವುದು ಎಲ್ಲ ಮುಗಿಯುವುದು. ಎದ್ದು ನಿಲ್ಲುವರು. ತಲೆ ತಿಳಿಯಾಗಿದೆ ಎಂದು ಖಾತ್ರಿಯಾದ ಮೇಲೆ “ರೈಟ್” ಎಂದು ಹೊರಡುವರು. “ಸರ್ವೀಸಿನಲ್ಲಿ ಹೋಲ್ಡಾನ್ ಅನ್ನದೆ ಒಬ್ಬರನ್ನೂ ಇಳಿಸಿಲ್ಲ ಮೇಡಂ, ನನ್ನನ್ನೇ ಹೇಗೆ ಇಳಿಸಲಿ” ಎನ್ನುತ್ತಿದ್ದರು. ಇದನ್ನು ಗೌಡರಿಗೆ ಹೇಳಿದಾಗ, “ನಾನು ಪೈಲ್ವಾನ, ಬಸ್ಸಲ್ಲ” ಎಂದು ಮುಖ ತಿರುಗಿಸಿದರು. ಜಯಮ್ಮನೇ “ಹೋಲ್ಡಾನ್” ಎಂದು ಗದರಿಸತೊಡಗಿದ ಮೇಲೆ ಬಸ್ಸಾಗಲು ಒಪ್ಪಿದರು.

ನಾಡಿಯನ್ನು ನಂಬುವಂತಿಲ್ಲವಾದರೆ ದುಡಿಮೆ ಎಷ್ಟಾಯಿತೆಂದು ತಿಳಿಯುವುದು ಹೇಗೆ? ಪುಸ್ತಕದಲ್ಲಿ ಇದಕ್ಕೆ ಒಂದು ಅಳತೆ ಇದೆ, ರೋಗಿಯೇ ತನಗೆಷ್ಟು ಶ್ರಮವಾಗುತ್ತಿದೆ ಎಂದು ಅಂಕಿಯಲ್ಲಿ ಹೇಳಬೇಕು. ಗೌಡರು ಅಂಕಿಗೆ ಬಗ್ಗಲಿಲ್ಲ. ಅದಕ್ಕೆ ಅವರ ಊರಿನದೇ ಅಳತೆ ಮಾಡಿದೆವು. ಎಮ್ಮೆ ಮೇಯಿಸುವಷ್ಟು, ಡೈರಿಗೆ ಹಾಲಿನ ಕ್ಯಾನು ಹೊರುವಷ್ಟು, ಗದ್ದೆ ಉಳುವಷ್ಟು, ಕಬ್ಬಿನ ಹೊರೆ ಹೊತ್ತು ಲಾರಿಗೆ ಹಾಕಿದ ಹಲಗೆ ಹತ್ತುವಷ್ಟು. ಉಳುವಷ್ಟರ ಹತ್ತಿರ ಇದ್ದರೆ ನಮಗೆ ಸಾಕು, ಹಲಗೆ ಹತ್ತುವುದು ಬೇಡ.

ಅಳತೆ ಚೆನ್ನಾಗಿತ್ತು, ಅಳೆಸಿಕೊಳ್ಳುವವರು ಚೆನ್ನಾಗಿರಲಿಲ್ಲ. ಏದುಸಿರು ಬಿಡುತ್ತಾ, ಕಣ್ಣು ಮೇಲೆ ಮಾಡಿಕೊಂಡು, “ಎಮ್ಮೆ... ಮೇಯುಸ್ದಂಗದೆ” ಎನ್ನುತ್ತಿದ್ದರು. ಖಲೀಲ್ ಸಾಬರು ಪಕ್ಕದಿಂದ, “ಯಾವ ಎಮ್ಮೆ ಗೌಡ ಅದು, ನಿನ್ನ ಹೆಗಲ ಮೇಲೆ ಕೂತು ಮೇಯ್ತದಾ?” ಎಂದರು. ಅಲ್ಲಿಗೆ ನನಗೆ ಉಪಾಯ ಹೊಳೆಯಿತು. ಅವರು ಹೇಳುವ ಅಳತೆ ಬಿಟ್ಟು ಮಾತನ್ನೇ ಅಳೆದರಾಯಿತು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ಹದ. ಗೌಡರು ತುಳಿಯುತ್ತಾ ಕೆ.ಆರ್. ಪೇಟೆಯ ಆ ಕುಸ್ತಿಯ ಕಥೆ ಹೇಳಬೇಕು. ಸರಾಗವಾಗಿ ಹೇಳಿದರೆ ತೂಕ ಹೆಚ್ಚು, ಎರಡು ಮಾತಿಗೊಮ್ಮೆ ಉಸಿರು ಸಿಕ್ಕಿಕೊಂಡರೆ ತೂಕ ಕಡಿಮೆ. ನಡುನಡುವೆ ಬಿ.ಪಿ. ನೋಡುತ್ತಿದ್ದೆ. ತುಳಿಯುತ್ತಿರುವಾಗಲೇ ಅದು ಇಳಿಯುವವರೂ ಇದ್ದಾರೆ, ಮರೆಯಬೇಡಿ.

ಹೀಗೆ ಆ ಕುಸ್ತಿಯನ್ನು ನಾನು ಎಷ್ಟು ಸಲ ಕೇಳಿದೆನೋ. ಪ್ರತಿ ಸಲವೂ ಗೌಡರು ಗೆಲ್ಲುವ ಅಂಚಿಗೆ ಬರುತ್ತಿದ್ದರು, ಪ್ರತಿ ಸಲವೂ ಖಲೀಲ್ ಸಾಬರು ಅಡ್ಡ ಬಾಯಿ ಹಾಕುತ್ತಿದ್ದರು. ಕಾಯುತ್ತಾ ಕೂತ ಮಂಡಿನೋವಿನವರು ಎರಡು ಪಕ್ಷವಾದರು.

ಒಂದು ಬೆಳಿಗ್ಗೆ ಕಥೆ ಅರ್ಧಕ್ಕೆ ಬಂದಿತ್ತು. ಖಲೀಲ್ ಸಾಬರು ಕೆಳಗೆ, ಗೌಡರು ಮೇಲೆ, ಬೆನ್ನು ಮಣ್ಣಿಗೆ ತಾಗಲು ಒಂದು ಬೆರಳಿನಷ್ಟು ಬಾಕಿ. ಗೌಡರು ಮಾತು ನಿಲ್ಲಿಸಿದರು. ಪೆಡಲು ನಿಧಾನವಾಯಿತು. ನನ್ನ ಕಡೆ ನೋಡಿ ಮೆಲ್ಲಗೆ, “ಸುಸ್ತಾಯ್ತು ಕಣವ್ವ” ಎಂದರು.

ಜಯಮ್ಮನ ಕೈಯ ತಂಬಿಗೆ ಅರ್ಧದಲ್ಲೇ ನಿಂತಿತು. ಮದುವೆಯಾದಂದಿನಿಂದ ಆ ಮಾತು ಕೇಳಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ನಾನು ತೂಕ ತಗ್ಗಿಸಿದೆ, ಬೆನ್ನು ಒರಗಿಸಿ ಕಾಲು ಮೇಲಕ್ಕಿಟ್ಟೆ, ಬಿ.ಪಿ. ನೋಡಿದೆ. ಇಳಿಯುವ ದಾರಿಯಲ್ಲಿತ್ತು. ಇನ್ನು ಸ್ವಲ್ಪ ತುಳಿದಿದ್ದರೆ ಪಾಂಡವಪುರವೇ ಮತ್ತೆ ಆಗುತ್ತಿತ್ತು. ಅವರ ಆ ಒಂದು ಮಾತು ಅದನ್ನು ತಡೆಯಿತು.

ಖಲೀಲ್ ಸಾಬರು ಗೇಲಿ ಮಾಡುತ್ತಾರೆಂದು ನಾನು ಕಾದೆ. ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡರು.

“ನಂಗೂ ಅವತ್ತು ಸುಸ್ತಾಗಿತ್ತು ಕಣ್ಲಾ.”

“ಯಾವತ್ತು?”

“ಅದೇ, ಪೇಟೇಲಿ. ನೀನು ಇನ್ನೊಂದ್ಸಲ ಒತ್ತಿದ್ರೆ ಬಿಟ್ಟುಬಿಡ್ತಿದ್ದೆ. ಯಾಕೆ ಒತ್ತಲಿಲ್ಲ?”

ಗೌಡರು ಸೂರು ನೋಡುತ್ತಾ ಹೇಳಿದರು: “ಒತ್ತಕ್ಕೆ ನನ್ನತ್ರ ಏನೂ ಉಳ್ದಿರ್ಲಿಲ್ಲ ಕಣೋ. ಸಮಬಲ ಅಂತ ಯಾರಾದ್ರೂ ಕೂಗ್ಲಿ ಅಂತ ಕಾಯ್ತಿದ್ದೆ.”

ಮಂಡಿನೋವಿನವರ ಎರಡೂ ಪಕ್ಷಗಳು ಅಂದು ನಿರಾಶೆಯಿಂದ ಮನೆಗೆ ಹೋದವು.

ಆಮೇಲೆ ಗೌಡರ ವ್ಯಾಯಾಮ ನೇರ ದಾರಿ ಹಿಡಿಯಿತು. ಸುಸ್ತನ್ನು ಸುಸ್ತು ಎನ್ನುವ ರೋಗಿಗಿಂತ ಒಳ್ಳೆಯ ಯಂತ್ರವಿಲ್ಲ. ತಿಂಗಳುಗಳಲ್ಲಿ ತಾವೇ ಎದ್ದು, ತಾವೇ ಬಸ್ಸು ಹತ್ತಿ ಬರುವಂತಾದರು. ಕಾಯಿಲೆ ಹೋಗಲಿಲ್ಲ, ಅದು ಹೋಗುವ ಕಾಯಿಲೆಯಲ್ಲ. ನಾಡಿಯೂ ಏರಲಿಲ್ಲ. ಬೀಳುವುದು ನಿಂತಿತು, ಬೈಗುಳ ಹಳೆಯ ಮಟ್ಟಕ್ಕೆ ಬಂತು. ಡಾಕ್ಟರ್ ಶಂಕರಪ್ಪನವರು ಆಮೇಲೆ ಬಂದ ಪಾರ್ಕಿನ್ಸನ್ ರೋಗಿಗಳಲ್ಲಿ ಒಬ್ಬರನ್ನೂ ಮಲಗಿಸಿ, ನಿಲ್ಲಿಸಿ ಬಿ.ಪಿ. ನೋಡದೆ ನನ್ನ ಬಳಿಗೆ ಕಳಿಸಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ. ಯಾರಿಗೆ ಆಗುತ್ತದೆಂದು ಹೊರಗಿನಿಂದ ಕಾಣುವುದಿಲ್ಲ.

ನಾನು ನಿವೃತ್ತಳಾದಾಗ ಗೌಡರು ಅದನ್ನು ಒಪ್ಪಲಿಲ್ಲ. ಅರಕೆರೆಯ ಗರಡಿ ಮನೆಯ ಪಕ್ಕದ ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ಸುತ್ತಮುತ್ತಲ ಊರುಗಳಲ್ಲಿ ಈ ಕಾಯಿಲೆ ಇದ್ದವರನ್ನೆಲ್ಲ ಸೇರಿಸಿದ್ದರು. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ, ಆದ್ದರಿಂದ ಗರಡಿಯೇ ಹೊರಗೆ ಬಂದಿತ್ತು. ವಾರಕ್ಕೊಮ್ಮೆ ನಾನು ಹೋಗುತ್ತೇನೆ. ನೀರಿನ ಖಾತೆ ಜಯಮ್ಮನದು. ಹೊಸಬರು ಬಂದರೆ ಮೊದಲು ಡಾಕ್ಟರ ಹತ್ತಿರ ಹೋಗಿಬಂದಿರಾ ಎಂದು ಕೇಳುವವರು ಖಲೀಲ್ ಸಾಬರು.

ಹೋದ ವಾರ ಪಾಂಡವಪುರದಿಂದ ಒಬ್ಬರು ಬಂದಿದ್ದರು. ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದವರಂತೆ. ಬೇಸಿಗೆಯ ಬೆಳಗಿನಲ್ಲೂ ಮೈತುಂಬ ಶಾಲು ಹೊದ್ದಿದ್ದರು, ಬಲಗೈ ಹೊರಗೆ ಕಾಣದಂತೆ. ಮಗಳು ಚಾಪೆಯ ಹತ್ತಿರ ಕರೆತಂದರೂ ಕೂರಲಿಲ್ಲ, ಮರದ ಹಿಂದೆ ನಿಂತರು. ಗಿರಾಕಿಗಳ ಮುಂದೆ ಕಾಳು ಅಳೆಯುವಾಗ ಕೈ ನಡುಗಿ ಚೆಲ್ಲಿತಂತೆ. ಅಂದಿನಿಂದ ಅಂಗಡಿಗೆ ಹೋಗಿಲ್ಲ ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದಳು.

ಗೌಡರು ನೋಡಿದರು. ಕುರ್ಚಿಯ ಅಂಚಿಗೆ ಸರಿದು, ಪಾದ ಆಡಿಸಿ, ನಿಧಾನವಾಗಿ ಎದ್ದು, ನಿಂತಲ್ಲೇ ತಡೆದು, ಆಮೇಲೆ ಮರದ ಹಿಂದಕ್ಕೆ ಹೋದರು. ಅವರ ಬಲಗೈ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಆಡುತ್ತಿತ್ತು, ಅವರು ಮುಚ್ಚಿಕೊಳ್ಳಲಿಲ್ಲ. ಅಖಾಡದಲ್ಲಿ ಕುಸ್ತಿಗೆ ಮುಂಚೆ ನೀಡುವಂತೆ ಅದನ್ನೇ ಮುಂದೆ ಚಾಚಿದರು.

“ಕೈ ಕೊಡಪ್ಪ.”

ಆ ಮನುಷ್ಯ ಮಗಳ ಕಡೆ ನೋಡಿದರು, ನೆಲ ನೋಡಿದರು. ಶಾಲಿನೊಳಗಿಂದ ಕೈ ಬಹಳ ಹೊತ್ತಿಗೆ ಹೊರಗೆ ಬಂತು, ಎಲೆಯಂತೆ ನಡುಗುತ್ತಾ. ಗೌಡರು ಅದನ್ನು ಗಟ್ಟಿಯಾಗಿ ಹಿಡಿದರು. ಬೀಜದ ಅಂಗಡಿಯವರೂ ಹಿಡಿದುಕೊಂಡರು. ಸುಮ್ಮನಿದ್ದಾಗ ಬರುವ ಈ ನಡುಕ ಕೈಗೆ ಕೆಲಸ ಸಿಕ್ಕ ಹೊತ್ತಿನಲ್ಲಿ ತಗ್ಗುವುದುಂಟು. ಇದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಎರಡೂ ಕೈಗಳು ನಡುಗದೆ ನಿಂತಿದ್ದನ್ನು ಅವರು ಬಗ್ಗಿ ನೋಡಿದರು. ಬಿಡುವ ಮನಸ್ಸಾಗಲಿಲ್ಲ.

“ಬುಡ್ಬೇಡ, ಇಂಗೇ ಬಾ” ಎಂದು ಗೌಡರು ಕೈ ಹಿಡಿದುಕೊಂಡೇ ಅವರನ್ನು ಚಾಪೆಗೆ ಕರೆತಂದರು.